ಮಿಸ್ಸಮ್ಮನ ಬೂಟು

ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ಸಮುದ್ರ ದಾಟಿ ಬಂದು, ಮಿಷನ್ನಿನವರು ಕಲಬುರ್ಗಿಯಲ್ಲಿ ಬಂಗಲೆ ಕೊಡುತ್ತೇವೆಂದರೂ ಒಲ್ಲದೆ, ಕಮಲಾಪುರದ ಪುಟ್ಟ ದವಾಖಾನೆಯಲ್ಲಿ ಸಂಬಳವಿಲ್ಲದೆ ದುಡಿಯುವ ನರ್ಸ್ ಮಿಸ್ಸಮ್ಮ, ರವಿವಾರ ನಮ್ಮ ಚರ್ಚಿಗೆ ಪ್ರಾರ್ಥನೆಗೆ ಬರುತ್ತಾರೋ ರೋಗಿಗಳನ್ನು ಹುಡುಕಲು ಬರುತ್ತಾರೋ ದೇವರಿಗೇ ಗೊತ್ತು. ಕೈ ಕುಲುಕುವ ನೆಪದಲ್ಲಿ ನಾಡಿ ಹಿಡಿಯುತ್ತಾರೆ. ಹಾಡಿನ ನಡುವೆ ಯಾರಾದರೂ ಕೆಮ್ಮಿದರೆ ಕತ್ತು ಹೊರಳಿಸುತ್ತಾರೆ. ಅವರಿಗೆ ಬರುವ ಕನ್ನಡವೆಲ್ಲ ದವಾಖಾನೆಯದು. "ಆರಾಮ ಇದ್ದೀರೇನ್ರಿ" ಎಂದು ಕೇಳಿದವರಿಗೂ "ನಾಲಿಗಿ ತೋರಸ್ರಿ" ಎಂದೇ ಉತ್ತರ. ಪಾದ್ರಿ ದತ್ತಪ್ಪನವರೂ ಒಮ್ಮೆ ಬೈಬಲ್ ಪ್ರಸಂಗಕ್ಕೆ ಮುಂಚೆ ನಾಲಿಗೆ ತೋರಿಸಿದ್ದುಂಟು. ನಾವು ಚಪ್ಪಲಿ ಹೊರಗೆ ಬಿಟ್ಟು ಚಾಪೆಯ ಮೇಲೆ ಕೂಡುವವರು. ನಾರುಹುಣ್ಣಿಗೆ ಪಟ್ಟಿ ಕಟ್ಟಿ ಕಟ್ಟಿ ಊರಿನ ಕಾಲುಗಳೆಲ್ಲ ಪರಿಚಯವಾಗಿರುವ ಮಿಸ್ಸಮ್ಮ, ಆ ಚಪ್ಪಲಿಗಳ ಮೇಲೆ ಕಣ್ಣಾಡಿಸಿದ ಮೇಲೆಯೇ ತಮ್ಮ ದೊಡ್ಡ ಬೂಟು ಬಿಚ್ಚುತ್ತಾರೆ. ಯಾರ ಜೋಡು ಕಾಣಿಸಲಿಲ್ಲವೋ, ಆಶೀರ್ವಾದ ಮುಗಿದ ಕೂಡಲೇ ಚೀಲ ಹಿಡಿದು ಅವರ ಮನೆಗೆ ಹೊರಡುತ್ತಾರೆ. ಹೋದ ರವಿವಾರ ನಾವು ಮೊದಲ ಹಾಡು ಎತ್ತಿದ್ದೆವು. ಮುದುಕಿ ಬಂಡೆಮ್ಮ ಎದ್ದು ನಿಂತು, "ಅಯ್ಯನವರ, ಸ್ವಲ್ಪ ತಡೀರಿ. ಬಾಗಲದಾಗ ಮಿಸ್ಸಮ್ಮನ ಬೂಟ್ ಇಲ್ಲ" ಎಂದಳು. ಹಾಡು ಅಲ್ಲಿಗೇ ನಿಂತಿತು. ಪಾದ್ರಿಗಳ ಸಮೇತ ಇಡೀ ಸಭೆ ದವಾಖಾನೆಯ ಹಿಂದಿನ ಕೋಣೆಗೆ ನಡೆಯಿತು. ಜ್ವರದಲ್ಲಿ ಮಲಗಿದ್ದ ಮಿಸ್ಸಮ್ಮ ಏನೂ ಆಗಿಲ್ಲವೆಂದು ಕೈಯಾಡಿಸಿದರು. ಬಂಡೆಮ್ಮ ಮಂಚದ ಮೇಲೆ ಕೂತು, ಅವರ ಮಣಿಕಟ್ಟು ಹಿಡಿದು, "ಮೊದಲ ನಾಲಿಗಿ ತೋರಸ್ರಿ" ಎಂದಳು. ಮಿಸ್ಸಮ್ಮ ತೋರಿಸಿದರು. ಇಡೀ ಸಭೆ ಬಾಗಿ ನೋಡಿತು.