ರುಚಿ ನೋಡದ ಅಡುಗೆ

ಅಡುಗೆ ಮಾಡುವಾಗ ನಾನು ರುಚಿ ನೋಡುವುದಿಲ್ಲ. ಇದನ್ನು ಕೇಳಿದವರು ನನ್ನನ್ನು ಒಂದೋ ಮಹಾಸಾಧ್ವಿ ಎಂದುಕೊಳ್ಳುತ್ತಾರೆ, ಇಲ್ಲವೇ ಮಹಾ ಅಹಂಕಾರಿ ಎಂದುಕೊಳ್ಳುತ್ತಾರೆ. ನಾನು ಎರಡೂ ಅಲ್ಲ, ಇದು ಬರಿಯ ಅಭ್ಯಾಸಬಲ. ಮೈಸೂರಿನ ನಮ್ಮ ಮನೆಯಲ್ಲಿ ನೈವೇದ್ಯವಾಗುವ ತನಕ ಒಂದು ಅಗುಳನ್ನೂ ಬಾಯಿಗೆ ಹಾಕುವಂತಿರಲಿಲ್ಲ. ಯಾರಿಗಾಗಿ ಬೇಯಿಸಿದೆಯೋ ಮೊದಲ ರುಚಿ ಅವರದು ಎಂಬುದು ಅಮ್ಮನ ಕಾನೂನು. ಉಪ್ಪನ್ನು ಅಂಗೈಯ ಗುಳಿಯಲ್ಲಿ ಅಳೆಯಬೇಕು, ಹುಳಿ ಕುದಿಯುವ ಸದ್ದನ್ನು ಕಿವಿಯಿಂದ ಕೇಳಬೇಕು, ಬೆಂದದ್ದನ್ನು ಬಣ್ಣದಲ್ಲಿ ಕಾಣಬೇಕು. ಮೂವತ್ತು ವರ್ಷ ಪಸಡೀನಾದ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್ ಆಗಿ, ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡದೆ ಯಾವುದನ್ನೂ ನಂಬದವಳು, ಮನೆಗೆ ಬಂದು ಸಾರಿನ ಉಪ್ಪಿನ ಭಾರವನ್ನು ಪೂರಾ ಭಗವಂತನ ಮೇಲೆ ಹಾಕಿಬಿಡುತ್ತಿದ್ದೆ. ನೀವು ನಗುವುದಾದರೆ ಧಾರಾಳವಾಗಿ ನಗಬಹುದು.

ಈ ವಿಷಯ ಈಗ ನೆನಪಾಗಲು ಕಾರಣ ನಮ್ಮ ಪಕ್ಕದ ಮನೆಯ ಆರ್ಮಾನ್ ಅವರು. ಎಪ್ಪತ್ತಾರು ವರ್ಷದ ಫ್ರೆಂಚ್ ಬಾಣಸಿಗರು. ಸಾಮಾನ್ಯ ಬಾಣಸಿಗರಲ್ಲ, ಲಾಸ್ ಏಂಜಲೀಸಿನಲ್ಲಿ ಅವರ ರೆಸ್ಟೋರೆಂಟಿನಲ್ಲಿ ಒಂದು ಟೇಬಲ್ ಸಿಗಬೇಕಾದರೆ ತಿಂಗಳುಗಟ್ಟಲೆ ಕಾಯಬೇಕಿತ್ತಂತೆ. ಫ್ರಾನ್ಸಿನ ಯಾವುದೋ ನದೀತೀರದ ಸಣ್ಣ ಊರಿನಲ್ಲಿ ಅವರ ತಾಯಿ ಲಾರಿ ಚಾಲಕರಿಗೆ ಊಟ ಹಾಕುತ್ತಿದ್ದರು. ಆ ಒಲೆಯ ಮುಂದಿನಿಂದ ಎದ್ದು ಬಂದ ಮಗ ಸಿನಿಮಾ ತಾರೆಯರಿಗೆ ಊಟ ಹಾಕುವಷ್ಟು ದೂರ ನಡೆದಿದ್ದರು. ಅವರ ಕೀರ್ತಿಯೆಲ್ಲ ಎದೆಜೇಬಿನಲ್ಲಿದ್ದ ಒಂದು ಬೆಳ್ಳಿ ಚಮಚದಲ್ಲಿತ್ತು. ಆ ಚಮಚ ಮುಳುಗಿ ಮೇಲೆದ್ದು ಅವರ ನಾಲಿಗೆಯ ಒಪ್ಪಿಗೆ ಪಡೆಯದೆ ಯಾವ ತಟ್ಟೆಯೂ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ನಮ್ಮ ಬೇಲಿಯಾಚೆಗೆ ಅವರು ವಾಸಕ್ಕೆ ಬಂದದ್ದು ಎರಡು ಸಾವಿರದ ಇಪ್ಪತ್ತರಲ್ಲಿ, ಲಾಕ್‌ಡೌನ್ ಬಂದು ಆ ರೆಸ್ಟೋರೆಂಟ್ ಶಾಶ್ವತವಾಗಿ ಬಾಗಿಲು ಹಾಕಿದ ಮೇಲೆ.

ಅಂಥವರಿಗೆ ನಾನು ಅಡುಗೆ ಮಾಡಿ ಬಡಿಸಿದ ಪ್ರಸಂಗವನ್ನು ಕೇಳಿ. ಎರಡು ವರ್ಷ ಯಾರ ಮುಖವನ್ನೂ ಕಾಣದೆ ಕೂತಿದ್ದ ಮೇಲೆ ಬಂದ ಗಣೇಶನ ಹಬ್ಬ. ವಾಲ್‌ನಟ್, ಪೋರ್ಟರ್ ರ್ಯಾಂಚ್ ಎಂಬ ಆಸುಪಾಸಿನ ಊರುಗಳಿಂದ ಮೂವತ್ತು ಜನ ಬರುವವರಿದ್ದರು. ಪುಳಿಯೋಗರೆಗೆ ನಾನು ಉಪ್ಪು ಹಾಕಿ ಸ್ನಾನಕ್ಕೆ ಹೋದೆ. ನನ್ನ ನಾದಿನಿ ಪದ್ಮ, "ಅತ್ತಿಗೆ ಗಡಿಬಿಡೀಲಿ ಉಪ್ಪು ಮರೆತಿರ್ತಾರೆ" ಎಂದು ಇನ್ನೊಂದು ಹಿಡಿ ಹಾಕಿದಳು. ನನ್ನ ಯಜಮಾನರು, ಜನ್ಮದಲ್ಲಿ ಸೌಟು ಹಿಡಿಯದವರು, ಅಂದೇ ಅಡುಗೆಮನೆಗೆ ಬಂದು ತಮ್ಮ ಪಾಲಿನದನ್ನೂ ಹಾಕಿ ಹೋದರು. ನೈವೇದ್ಯಕ್ಕೆ ಮುಂಚೆ ಯಾರೂ ರುಚಿ ನೋಡುವಂತಿಲ್ಲವಲ್ಲ! ಗಣಪತಿಯೇನೋ ತುಟಿಪಿಟಿಕ್ಕೆನ್ನದೆ ಸ್ವೀಕರಿಸಿದ. ಭಕ್ತರು ಮಾತ್ರ ಮೊದಲ ತುತ್ತಿಗೇ ಮೊಸರನ್ನಕ್ಕೆ ಮುಗಿಬಿದ್ದರು, ಮಕ್ಕಳಂತೂ ಇಂಗ್ಲಿಷಿನಲ್ಲಿ ಕೂಗಾಡಿ ನನ್ನ ಮಾನವನ್ನು ಬೀದಿಗೆ ತಂದವು.

ಆರ್ಮಾನ್ ಒಬ್ಬರೇ ಶಾಂತವಾಗಿ ಕೂತು ತಟ್ಟೆ ಖಾಲಿ ಮಾಡಿದರು. ಅಷ್ಟೇ ಅಲ್ಲ, ಎರಡನೆಯ ಸಲ ಹಾಕಿಸಿಕೊಂಡು "ಅದ್ಭುತ" ಎಂದರು. ಮೊದಲು ನಾನು ಇದು ಫ್ರೆಂಚ್ ಸೌಜನ್ಯವೆಂದುಕೊಂಡೆ; ಮರುಕ್ಷಣ ನನ್ನೊಳಗಿನ ವೈದ್ಯೆ ಎಚ್ಚೆತ್ತಳು. ಅವರನ್ನು ಹಿತ್ತಲಿನ ನಿಂಬೆಗಿಡದ ಬಳಿಗೆ ಕರೆದೊಯ್ದು ನೇರವಾಗಿ ಕೇಳಿಬಿಟ್ಟೆ.

ನಾವು ಮಾತಾಡಿದ್ದೆಲ್ಲ ಇಂಗ್ಲಿಷ್. ಅದು ನನ್ನ ಮನಸ್ಸಿನಲ್ಲಿ ಉಳಿದಿರುವುದು ಕನ್ನಡದಲ್ಲಿ. "ಯಾರಿಗೂ ಹೇಳಬೇಡಿ ಡಾಕ್ಟರ್," ಎಂದರು. "ಆ ಕಾಯಿಲೆ ಬಂದು ಹೋದಮೇಲೆ ಮೂಗೂ ಇಲ್ಲ, ನಾಲಿಗೆಯೂ ಇಲ್ಲ. ಬೆಣ್ಣೆಯೂ ಒಂದೇ, ಮೇಣವೂ ಒಂದೇ." ಹೇಳಿ ಬೇಲಿಯ ಕಡೆ ತಿರುಗಿ ನಿಂತರು. ಅಯ್ಯೋ, ಎನಿಸಿತು ನನಗೆ. ಸಂಗೀತಗಾರನ ಕಿವಿ ಹೋದರೆ ಊರೇ ಮರುಗುತ್ತದೆ, ಈ ಮನುಷ್ಯ ಯಾರಿಗೂ ಹೇಳಿಕೊಳ್ಳದೆ ಎರಡು ವರ್ಷ ಕಳೆದಿದ್ದರು.

ಆದರೆ ಅವರ ಸಂಕಟದ ಮೂಲ ನಾಲಿಗೆಯಲ್ಲಿರಲಿಲ್ಲ. ಅವರಿಗೆ ಒಬ್ಬಳೇ ಮಗಳು, ಕ್ಲೇರ್. ತಾಯಿಯಿಲ್ಲದ ಹುಡುಗಿ, ಅಪ್ಪನ ಅಡುಗೆಮನೆಯಲ್ಲೇ ಕೆಲಸ ಕಲಿಯುತ್ತಿದ್ದಳು. ಒಂದು ದಿನ ಅವಳು ಮಾಡಿದ ಸೂಪನ್ನು ಅಪ್ಪ ಆ ಬೆಳ್ಳಿ ಚಮಚದಿಂದ ರುಚಿ ನೋಡಿ, ಒಂದು ಮಾತೂ ಆಡದೆ, ಇಪ್ಪತ್ತು ಜನರ ಎದುರಿಗೆ ಪಾತ್ರೆಯೆತ್ತಿ ಸಿಂಕಿಗೆ ಸುರಿದುಬಿಟ್ಟರು. ಅವಳು ಏಪ್ರನ್ ಬಿಚ್ಚಿಟ್ಟು ಸ್ಯಾನ್ ಡಿಯಾಗೋಗೆ ಹೊರಟುಹೋದಳು. ಅಲ್ಲೊಂದು ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತಿದ್ದಾಳೆ. ಎಂಟು ವರ್ಷದಲ್ಲಿ ಕ್ರಿಸ್‌ಮಸ್ಸಿನ ಒಂದೊಂದು ಕಾರ್ಡು ಬಿಟ್ಟರೆ ಮತ್ತೇನೂ ಇಲ್ಲ. "ನನ್ನ ತಾಯಿಯ ಸೂಪನ್ನು ಅವಳಿಗೆ ಒಂದು ಸಲ ಮಾಡಿ ಕೊಡಬೇಕು," ಎಂದರು ಆರ್ಮಾನ್. "ಕ್ಷಮೆ ಕೇಳಲು ನನಗೆ ಬರುವ ಭಾಷೆ ಅದೊಂದೇ. ಈಗ ಅದೂ ಹೋಯಿತು. ಕೆಟ್ಟ ಸೂಪು ಹಿಡಿದುಕೊಂಡು ಅವಳ ಮುಂದೆ ಹೇಗೆ ನಿಲ್ಲಲಿ?"

ನನಗೆ ಅಮ್ಮ ನೆನಪಾದಳು. ಅವಳು ತೀರಿಕೊಂಡದ್ದು ವಿಮಾನಗಳೆಲ್ಲ ನೆಲಕ್ಕಂಟಿ ಕೂತಿದ್ದ ಕಾಲದಲ್ಲಿ; ಫೋನಿನ ಪರದೆಯಲ್ಲಿ ನೋಡಿದ್ದೇ ಕೊನೆ. ನಾನು ಊರಿಗೆ ಹೋದಾಗಲೆಲ್ಲ ನನ್ನ ಕೈಯಲ್ಲಿ ಹುಳಿ ಮಾಡಿಸಿ, ದೇವರಿಗೆ ತೋರಿಸಿ, ಆಮೇಲೆ ತಾನು ಉಂಡು, "ಒಂದು ಕಲ್ಲು ಉಪ್ಪು ಕಮ್ಮಿ ಕಣೇ" ಎನ್ನುತ್ತಿದ್ದಳು. ಪ್ರತಿ ಸಲವೂ ನನಗೆ ಸಿಟ್ಟು ಬರುತ್ತಿತ್ತು. ಈಗ ಆ ಮಾತನ್ನು ಹೇಳುವವರು ಭೂಮಿಯ ಮೇಲೆ ಯಾರೂ ಇಲ್ಲ. ನನ್ನ ಯಜಮಾನರಿಗೆ ಏನು ಬಡಿಸಿದರೂ "ಫೈನ್" ಅಷ್ಟೆ. ಉಪ್ಪು ಹೆಚ್ಚಿದ್ದರೂ ಫೈನ್, ಇಲ್ಲದಿದ್ದರೂ ಫೈನ್. ತಪ್ಪು ತೋರಿಸುವವರಿಲ್ಲದ ಊಟ ಎಷ್ಟು ಸಪ್ಪೆ ಎಂದು ನನಗೆ ಗೊತ್ತಿತ್ತು. ಆ ನೋವಿನಲ್ಲಿಯೇ ಇರಬೇಕು, "ರುಚಿ ನೋಡದೆ ಅಡುಗೆ ಮಾಡುವುದನ್ನು ನಾನು ಕಲಿಸುತ್ತೇನೆ ಬನ್ನಿ" ಎಂದುಬಿಟ್ಟೆ.

ನನ್ನ ದುಸ್ಸಾಹಸವನ್ನು ನೋಡಿ! ಮೂವತ್ತು ಜನರ ಬಾಯಿ ಕೆಡಿಸಿದ ಹೆಂಗಸು ಜಗತ್ಪ್ರಸಿದ್ಧ ಬಾಣಸಿಗರಿಗೆ ಗುರುವಾದಳು. ಮಂಗಳವಾರ ಮಂಗಳವಾರ ಪಾಠ. ಆಲೂಗಡ್ಡೆ, ಲೀಕ್ ಎಂಬ ಉದ್ದನೆಯ ಈರುಳ್ಳಿಸೊಪ್ಪು, ಹಾಲು, ಬೆಣ್ಣೆ: ಇಷ್ಟೇ ಅವರಮ್ಮನ ಸೂಪು. ಅವರ ಕೈ ಪ್ರತಿ ಐದು ನಿಮಿಷಕ್ಕೆ ತಾನಾಗಿಯೇ ಎದೆಜೇಬಿಗೆ ಹೋಗುತ್ತಿತ್ತು, ನಾನು ಕೆಮ್ಮುತ್ತಿದ್ದೆ, ಕೈ ಕೆಳಗಿಳಿಯುತ್ತಿತ್ತು. ಕುದಿಯ ಸದ್ದು ದಪ್ಪವಾಗುವುದನ್ನು ಅವರು ನನಗಿಂತ ಬೇಗ ಹಿಡಿದರು. ಸೋತದ್ದು ಉಪ್ಪಿನಲ್ಲಿ. ಆ ಮನುಷ್ಯ ಜೀವಮಾನದಲ್ಲಿ ಉಪ್ಪನ್ನು ಅಳೆದವರೇ ಅಲ್ಲ, ನಾಲಿಗೆ ಸಾಕೆನ್ನುವವರೆಗೆ ಹಾಕಿದವರು. "ಸರಿಯಾಗಿದೆಯೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು?" ಎಂದು ಒಂದು ದಿನ ರೇಗಿದರು. "ನಿಮಗೆ ತಿಳಿಯುವುದಿಲ್ಲ," ಎಂದೆ. "ತಿಳಿಯುವುದು ಉಣ್ಣುವವರಿಗೆ. ನಾವು ಮಾಡಿ, ಮುಂದಿಟ್ಟು, ಕೈಮುಗಿದು ನಿಲ್ಲುವುದು." ಅವರು ಒಲೆ ಆರಿಸಿ, ಮಗಳ ವಿಳಾಸವಿದ್ದ ಕಾರ್ಡನ್ನು ತಂದು ನನ್ನ ಕೈಗಿತ್ತರು.

ಕ್ಲೇರ್‌ಗೆ ಪತ್ರ ಬರೆದವಳು ನಾನು. ಎರಡು ವಾರದ ಮೇಲೆ "ಭಾನುವಾರ ಬನ್ನಿ" ಎಂಬ ಎರಡೇ ಪದದ ಉತ್ತರ ಬಂತು. ಆರ್ಮಾನ್ ಈಗ ಡ್ರೈವ್ ಮಾಡುವುದಿಲ್ಲ. ನನ್ನ ಯಜಮಾನರೇ ಫ್ರೀವೇಯ ಟ್ರಾಫಿಕ್ಕನ್ನು ಶಪಿಸುತ್ತ ನಮ್ಮನ್ನು ಸ್ಯಾನ್ ಡಿಯಾಗೋ ತಲುಪಿಸಿದರು. ಅರ್ಧ ದಾರಿ ಕಳೆದ ಮೇಲೆ ಬಲಗಡೆ ಸಮುದ್ರ ಕಾಣಿಸಿತು. ಆರ್ಮಾನ್ ಅದನ್ನು ನೋಡಲೂ ಇಲ್ಲ, ಮಡಿಲಲ್ಲಿದ್ದ ತರಕಾರಿ ಚೀಲವನ್ನು ಹಿಡಿದು ಕೂತಿದ್ದರು.

ಬಾಗಿಲು ತೆರೆದವಳು ಅಪ್ಪನದೇ ಮೂಗಿನ, ಮೂವತ್ತು ದಾಟಿದ ಹೆಂಗಸು. ಕೈಕುಲುಕಿದಳು, ಅಪ್ಪನಿಗೆ ಒಲೆ ತೋರಿಸಿದಳು, ತೋಳು ಕಟ್ಟಿ ಗೋಡೆಗೊರಗಿ ನಿಂತಳು. ಅವರು ಹೆಚ್ಚಿದರು, ಬೇಯಿಸಿದರು, ಕಿವಿಯಿಟ್ಟು ಕೇಳಿದರು, ಅಂಗೈಯಲ್ಲಿ ಉಪ್ಪು ಅಳೆದು ಹಾಕಿದರು. ಒಮ್ಮೆಯೂ ರುಚಿ ನೋಡಲಿಲ್ಲ. ಅವಳ ಹುಬ್ಬು ಮೇಲೇರಿದ್ದನ್ನು ನಾನು ಕಂಡೆ. ಕಡೆಗೆ ಒಂದು ಬಟ್ಟಲನ್ನು ಅವಳ ಮುಂದಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಪಕ್ಕದಲ್ಲೇ ಸಿಂಕು ಇತ್ತು. ಈ ಹುಡುಗಿ ಎತ್ತಿ ಅದಕ್ಕೆ ಸುರಿದರೆ ಅದು ನ್ಯಾಯವೇ ಎನ್ನಬೇಕಾದೀತು ಎಂದು ನನಗೆ ಹೆದರಿಕೆಯಾಯಿತು.

ಅವಳು ಮೇಜಿನ ಮುಂದೆ ಕೂತು ಒಂದು ಗುಟುಕು ಕುಡಿದಳು. "ನೀವು ರುಚಿಯನ್ನೇ ನೋಡಲಿಲ್ಲವಲ್ಲ, ಪಪಾ."

"ನನಗೀಗ ರುಚಿ ತಿಳಿಯುವುದಿಲ್ಲ, ಕ್ಲೇರ್. ಎರಡು ವರ್ಷವಾಯಿತು." ಆಮೇಲೆ, "ನಿನ್ನ ಸೂಪು ಅವತ್ತು ಚೆನ್ನಾಗಿಯೇ ಇತ್ತು. ಅದು ನಾನು ಮಾಡುವುದಕ್ಕಿಂತ ಬೇರೆ ಥರ ಇತ್ತು, ಅಷ್ಟೆ," ಎಂದರು.

ಕ್ಲೇರ್ ಇನ್ನೊಂದು ಗುಟುಕು ಕುಡಿದಳು. ನನ್ನ ಯಜಮಾನರು ಗಂಟಲು ಸರಿಮಾಡಿಕೊಂಡರು. ಎಲ್ಲಿ "ಫೈನ್" ಎಂದುಬಿಡುತ್ತಾರೋ ಎಂದು ಅವರ ಕಾಲು ತುಳಿದೆ.

"ಉಪ್ಪು ಕಡಿಮೆಯಾಗಿದೆ," ಎಂದಳು ಅವಳು.

ಆ ಮಹಾ ಬಾಣಸಿಗರು, "ಎಷ್ಟು ಕಡಿಮೆ?" ಎಂದು ವಿದ್ಯಾರ್ಥಿಯಂತೆ ಕೇಳಿದರು. ಅವಳು ಎದ್ದು ಬಂದು, ಅಪ್ಪನ ಕೈಯನ್ನು ಹಿಡಿದು ಬಿಡಿಸಿ, ಅಂಗೈಗೆ ಚಿಟಿಕೆ ಉಪ್ಪು ಹಾಕಿ, "ಇಷ್ಟು," ಎಂದಳು. ಉಪ್ಪು ಪಾತ್ರೆಗೆ ಬಿದ್ದ ಮೇಲೂ ಅವಳು ಆ ಕೈಯನ್ನು ಬಿಡಲಿಲ್ಲ.

"ಇನ್ನು ಮೇಲೆ ನೀನೇ ಹೇಳಬೇಕಾಗುತ್ತದೆ," ಎಂದರು ಆರ್ಮಾನ್. "ನನಗೆ ಗೊತ್ತಾಗುವುದಿಲ್ಲ."

"ಹಾಗಾದರೆ ನೀವು ಬರುತ್ತಿರಬೇಕಾಗುತ್ತದೆ," ಎಂದಳು ಅವಳು, ಮತ್ತು ಇನ್ನೂ ಮೂರು ಬಟ್ಟಲುಗಳನ್ನು ತೆಗೆದು ಮೇಜಿನ ಮೇಲಿಟ್ಟಳು.