ಚಿತ್ತರಂಜನ ಆಳ್ವರ ಹಾರಾಟ

ಕಂಕನಾಡಿ ಮಾರುಕಟ್ಟೆಯ ಹಿಂಬದಿಯ ರಸ್ತೆಯಲ್ಲಿ ಚಿತ್ತರಂಜನ ಆಳ್ವರ ಊಟದ ಹೋಟೆಲು ಇದೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾ ಆರಂಭವಾಗುವ ಮೊದಲು, ಎಂದರೆ ಮೂರರಿಂದ ಐದರವರೆಗೆ, ಗಲ್ಲಾದಲ್ಲಿ ಅವರ ಪತ್ನಿ ರತ್ನಾವತಿ ಕುಳಿತುಕೊಳ್ಳುತ್ತಾರೆ. ಆ ಎರಡು ಗಂಟೆ ಆಳ್ವರು ಮಾಳಿಗೆಯ ದಾಸ್ತಾನು ಕೋಣೆಯಲ್ಲಿ, ಕುಚ್ಚಲಕ್ಕಿಯ ಚೀಲಗಳ ನಡುವೆ ಕುಳಿತು, ನಾನಾ ದೇಶಗಳ ಅಪರಿಚಿತರಿಂದ ಪೆಟ್ಟು ತಿನ್ನುತ್ತಾರೆ. ಅವರಿಗೆ ಈಗ ಐವತ್ತೊಂದು ವರ್ಷ.

ಅದು ಟಿವಿ ಪರದೆಯ ಮೇಲೆ ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಆನ್‌ಲೈನ್ ಆಟ. ಆಡುವವರು ಗೆದ್ದಂತೆಲ್ಲ ಕಂಚು, ಬೆಳ್ಳಿ, ಚಿನ್ನ ಎಂದು ದರ್ಜೆ ಏರುತ್ತಾರೆ. ಆಳ್ವರು ಮೂರು ವರ್ಷಗಳಿಂದ ಕಂಚಿನಲ್ಲಿದ್ದಾರೆ. ಇಷ್ಟು ಸ್ಥಿರವಾದ ಸಾಧನೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ನನಗೆ ಎರಡೂವರೆಯ ಬಳಿಕ ತರಗತಿ ಇಲ್ಲ. ಊಟ ಮುಗಿಸಿ ಅವರೊಂದಿಗೆ ಮೇಲೆ ಹತ್ತುತ್ತೇನೆ. ನನಗೆ ದಿನಚರಿ ಬರೆಯುವ ಅಭ್ಯಾಸ, ಅವರಿಗೆ ಸೋಲುವ ಅಭ್ಯಾಸ. ಹೀಗಾಗಿ ಅವರ ಪಂದ್ಯಗಳ ದಾಖಲೆ ನನ್ನಲ್ಲಿ ಸಮಗ್ರವಾಗಿದೆ.

ಆಳ್ವರು ಆಡುವುದು ಶಾಸ್ತ್ರೋಕ್ತವಾಗಿ. ಅವರ ಅಜ್ಜ ಹುಂಜಗಳ ಕಾಳಗವಾದ ಕೋಳಿ ಅಂಕದಲ್ಲಿ ಹೆಸರು ಮಾಡಿದವರು. ಯಾವ ದಿನ, ಯಾವ ಹೊತ್ತಿಗೆ, ಯಾವ ಬಣ್ಣದ ಹುಂಜ ಗೆಲ್ಲುತ್ತದೆ ಎಂಬುದನ್ನು ತಿಳಿಸುವ ಕುಕ್ಕುಟ ಪಂಚಾಂಗದ ಒಂದು ಪ್ರತಿ ಮನೆತನದ ಆಸ್ತಿಯಾಗಿ ಮೊಮ್ಮಗನ ಪಾಲಿಗೆ ಬಂದಿದೆ. ಹುಂಜದೊಂದಿಗೆ ಮೊಮ್ಮಗನ ಸಂಬಂಧ ಕೋಳಿಸಾರಿನ ಕೋರಿ ರೊಟ್ಟಿಯ ಮಟ್ಟಕ್ಕೆ ಇಳಿದಿದ್ದರೂ ಪಂಚಾಂಗ ವ್ಯರ್ಥವಾಗಲಿಲ್ಲ. ಆಟದಲ್ಲಿ ಅವರು ಆರಿಸಿಕೊಂಡ ಪೈಲ್ವಾನನಿಗೆ ಹತ್ತು ಬಣ್ಣದ ಉಡುಪುಗಳಿವೆ. ಪಂಚಾಂಗ ‘ಬೊಳ್ಳೆ’ ಎಂದ ದಿನ ಬಿಳಿ ಉಡುಪು, ‘ಕಕ್ಕೆ’ ಎಂದ ದಿನ ಕಪ್ಪು. ಯಾವ ಬಣ್ಣಕ್ಕೂ ಜಯವಿಲ್ಲದ ಹೊತ್ತಿನಲ್ಲಿ ಆಳ್ವರು ಟಿವಿಯನ್ನು ಆನ್ ಮಾಡುವುದಿಲ್ಲ.

ಒಮ್ಮೆ ಇಂಡೋನೇಷ್ಯಾದ ಧ್ವಜ ಹೊತ್ತ ಎದುರಾಳಿಯಿಂದ ಸತತ ಆರು ಬಾರಿ ಸೋತಾಗ ಅವರಿಗೊಂದು ಶಾಸ್ತ್ರೀಯ ಸಂಶಯ ಹುಟ್ಟಿತು.

“ಅಲ್ಲಿ ಈಗ ಗಂಟೆ ನಾಲ್ಕೂವರೆ ಅಂತೆ. ಹಾಗಾದ್ರೆ ಲೆಕ್ಕ ಹಿಡಿಯುವುದು ಅಲ್ಲಿಯ ಹೊತ್ತಾ, ಇಲ್ಲಿಯದ್ದಾ? ನಿಮ್ಮದು ದೇವಸ್ಥಾನದ ಪೂಜೆಯ ಮನೆತನ ಅಲ್ವಾ, ನೀವು ಹೇಳ್ಬೇಕು.”

“ನಾನು ಎಂ.ಕಾಂ. ಮಾಡಿದವ,” ಎಂದೆ.

ಉತ್ತರವನ್ನು ಅವರೇ ಕಂಡುಕೊಂಡರು. “ಕೋಳಿ ಯಾವ ಊರಿನಿಂದ ಬಂದ್ರೂ ಅಂಕ ನಡೆಯುವ ಗದ್ದೆಯ ಹೊತ್ತೇ ಹೊತ್ತು.”

ಅಂದು ಅಲ್ಲಿದ್ದ ಹಾಶಿಂ ಪಣಂಬೂರು ಬಂದರಿನ ಕ್ಲಿಯರಿಂಗ್ ಏಜೆಂಟರೊಬ್ಬರಲ್ಲಿ ಗುಮಾಸ್ತ. ಹಡಗಿನ ಕಾಗದಪತ್ರ ನೋಡಿ ನೋಡಿ ಯಾವುದು ಎಲ್ಲಿದೆ ಎಂಬ ವಿಷಯದಲ್ಲಿ ನಿಖರ. “ಆಳ್ವರೇ, ಗದ್ದೆ ಇರುವುದು ಸಿಂಗಾಪುರದಲ್ಲಿ ಮಾರಾಯ್ರೆ. ಆಟ ನಡೆಸುವ ಸರ್ವರ್ ಅಲ್ಲಿ ಉಂಟು.”

ಆಳ್ವರು ಒಂದು ಚಹಾ ಮುಗಿಯುವಷ್ಟು ಹೊತ್ತು ಯೋಚಿಸಿದರು. “ಕರೆಂಟು ಬಿಲ್ಲು ಯಾರು ಕಟ್ಟುವುದು? ನಾನಲ್ವಾ? ಹಾಗಾದ್ರೆ ಗದ್ದೆ ಕಂಕನಾಡಿಯಲ್ಲೇ.”

ಬಣ್ಣದಿಂದ ಹಾನಿಯಿರಲಿಲ್ಲ. ಹಾನಿಯಿದ್ದದ್ದು ಅಜ್ಜನಿಂದ ಕಲಿತ ಇನ್ನೊಂದು ಪಾಠದಲ್ಲಿ. ಅಂಕದ ಹುಂಜದ ಕಾಲಿಗೆ ಚಿಕ್ಕ ಕತ್ತಿ ಕಟ್ಟುತ್ತಾರೆ. ಮೊದಲು ಹಾರಿ ಮೇಲಿನಿಂದ ಎರಗಿದ ಹುಂಜ ಗೆಲ್ಲುತ್ತದೆ. ಆದುದರಿಂದ ಆಳ್ವರ ಪೈಲ್ವಾನ, ನೂರು ಕಿಲೋ ಮೀರಿದ ದೇಹದವನು, ಆಟ ಆರಂಭವಾದೊಡನೆ ಹಾರುತ್ತಾನೆ. ಈ ಆಟದಲ್ಲಿ ಹಾರಿದವನು ಗಾಳಿಯಲ್ಲಿರುವಾಗ ದಿಕ್ಕು ಬದಲಿಸಲಾರ, ತಡೆಯಲೂ ಆರ. ಕೆಳಗೆ ನಿಂತವನು ಕಾದು ಒಂದು ಗುದ್ದನ್ನು ಮೇಲಕ್ಕೆತ್ತಿ ಹಿಡಿದರೆ ಸಾಕು. ಜಗತ್ತಿನ ಬಹುತೇಕ ಮಕ್ಕಳಿಗೆ ಇದು ಮೊದಲ ವಾರದಲ್ಲಿ ತಿಳಿಯುತ್ತದೆ.

ಅಕ್ಟೋಬರಿನ ಮೊದಲ ಹದಿನೈದು ದಿನಗಳ ದಾಖಲೆಯನ್ನು ನಾನು ಅವರ ಮುಂದಿಟ್ಟೆ. ಆಡಿದ್ದು ನಲವತ್ತು, ಸೋತದ್ದು ಮೂವತ್ತನಾಲ್ಕು. ಅದರಲ್ಲಿ ಇಪ್ಪತ್ತೇಳರಲ್ಲಿ ಕೊನೆಯ ಪೆಟ್ಟು ತಿಂದದ್ದು ಗಾಳಿಯಲ್ಲಿ.

ಆಳ್ವರು ಕನ್ನಡಕ ಏರಿಸಿ ಓದಿದರು. ಮುಖ ಅರಳಿತು.

“ಅಂದ್ರೆ ನೆಲದಲ್ಲಿ ಸೋತದ್ದು ಏಳೇ ಏಳು! ನೆಲದ ಆಟ ನನ್ನದು ಗಟ್ಟಿ ಉಂಟು ಹಾಗಾದ್ರೆ. ಇನ್ನು ಹಾರುವುದನ್ನೇ ಅಭ್ಯಾಸ ಮಾಡ್ಬೇಕು.”

ಅಂಕಿ ಅಂಶಗಳನ್ನು ಇಪ್ಪತ್ತೈದು ವರ್ಷಗಳಿಂದ ಕಲಿಸುತ್ತಿದ್ದೇನೆ. ಅವು ಯಾರಿಗಾದರೂ ಉಪಕಾರ ಮಾಡಿದ್ದನ್ನು ನಾನು ಅಂದೂ ನೋಡಲಿಲ್ಲ.

ಇದೆಲ್ಲ ಅವರ ಖಾಸಗಿ ಸಂತೋಷವಾಗಿ ಉಳಿಯುತ್ತಿತ್ತು, ಡ್ಯಾಫ್ನಿ ಬಾರದಿದ್ದರೆ. ಪ್ರತಿ ಡಿಸೆಂಬರಿನಲ್ಲಿ ನಗರದ ಒಂದು ಮಾಲ್‌ನಲ್ಲಿ ಮೂವರ ತಂಡಗಳ ಪಂದ್ಯಾವಳಿ ನಡೆಯುತ್ತದೆ. ಪಂಪ್‌ವೆಲ್‌ನಲ್ಲಿ ಏಸಿ ರಿಪೇರಿ ಅಂಗಡಿ ಇಟ್ಟಿರುವ ಬಾಸಿಲ್, ಹಾಶಿಂ ಮತ್ತು ಆಳ್ವರು ಎರಡು ವರ್ಷ ಅದರಲ್ಲಿ ಆಡಿದ್ದರು, ಎರಡೂ ವರ್ಷ ಮೊದಲ ಸುತ್ತಿನಲ್ಲಿ ಮನೆಗೆ ಬಂದಿದ್ದರು. ಆಳ್ವರು ಅಲ್ಲಿ ಈವರೆಗೆ ಒಂದು ಪಂದ್ಯವನ್ನೂ ಗೆದ್ದಿಲ್ಲ. ಆದರೂ ಬೆನ್ನ ಮೇಲೆ ಹೆಸರು ಅಚ್ಚಾದ ತಂಡದ ಅಂಗಿಯನ್ನು ಇಸ್ತ್ರಿ ಮಾಡಿ ಕಪಾಟಿನಲ್ಲಿಟ್ಟಿದ್ದಾರೆ. ಹೋಟೆಲು ಮಾವ ಕಟ್ಟಿದ್ದು, ಹೆಸರು ಮನೆತನದ್ದು, ಪಂಚಾಂಗ ಅಜ್ಜನದ್ದು. ತಂಡದ ಮೂರನೆಯ ಕುರ್ಚಿ ಮಾತ್ರ ಅವರು ಸ್ವತಃ ಸಂಪಾದಿಸಿದ್ದು, ಬೇರೆ ಯಾರೂ ಸಿಗದಿದ್ದ ಕಾರಣ.

ಡ್ಯಾಫ್ನಿ ಬಾಸಿಲನ ಚಿಕ್ಕಪ್ಪನ ಮಗಳು, ಹತ್ತಿರದ ಆಸ್ಪತ್ರೆಯೊಂದರಲ್ಲಿ ನರ್ಸ್. ನಾಲ್ಕು ತಿಂಗಳಿಂದ ಅವಳೂ ಮಾಳಿಗೆಯಲ್ಲಿ ಎಲ್ಲರೂ ಸೇರುವ ಭಾನುವಾರದ ಆಟಕ್ಕೆ ಬರತೊಡಗಿದ್ದಳು. ದರ್ಜೆ ಬೆಳ್ಳಿ. ಅಕ್ಟೋಬರಿನ ಕೊನೆಯ ಭಾನುವಾರ ಬಾಸಿಲ್ ವಿಷಯ ತೆಗೆದ.

“ಆಳ್ವರೇ, ಬೇಜಾರು ಮಾಡ್ಬೇಡಿ. ಈ ಸಲ ಒಂದು ಸುತ್ತಾದ್ರೂ ದಾಟ್ಬೇಕು ಅಂತ ಆಸೆ. ನೀವು ಮತ್ತು ಡ್ಯಾಫ್ನಿ ಆಡಿ. ಮೊದಲು ಐದು ಗೆದ್ದವರಿಗೆ ಕುರ್ಚಿ.”

“ಯಾವತ್ತು?”

“ನವೆಂಬರ್ ಇಪ್ಪತ್ತನಾಲ್ಕು, ಭಾನುವಾರ. ಮಧ್ಯಾಹ್ನ ಮೂರಕ್ಕೆ.”

ಆಳ್ವರು ಪಂಚಾಂಗ ತೆಗೆದು ನೋಡಿ, “ಅಡ್ಡಿ ಇಲ್ಲ, ಬೊಳ್ಳೆ ಉಂಟು,” ಎಂದರು. ಆದರೆ ಅಂದು ಸಂಜೆ ಗಲ್ಲಾದಲ್ಲಿ ಕುಳಿತು ಮೂವರು ಗಿರಾಕಿಗಳಿಗೆ ಚಿಲ್ಲರೆ ತಪ್ಪಾಗಿ ಕೊಟ್ಟರಂತೆ.

ನವೆಂಬರ್ ನಾಲ್ಕರ ಸೋಮವಾರದಿಂದ ಒಂದು ಪವಾಡ ನಡೆಯಿತು. ಆಳ್ವರು ಗೆಲ್ಲತೊಡಗಿದರು. ಆರು ದಿನಗಳಲ್ಲಿ ಇಪ್ಪತ್ತನಾಲ್ಕು ಪಂದ್ಯ, ಹದಿನೈದು ಜಯ. ಪೈಲ್ವಾನ ನೆಲದ ಮೇಲೆಯೇ ನಡೆದು, ಹೊಡೆತ ತಡೆದು, ಹತ್ತಿರ ಹೋಗಿ ಎದುರಾಳಿಯನ್ನು ಎತ್ತಿ ಒಗೆಯುತ್ತಿದ್ದ. ಅವನನ್ನು ಸೃಷ್ಟಿಸಿದ್ದೇ ಅದಕ್ಕಾಗಿ. ಯಾಕೆ ಹಾರುತ್ತಿಲ್ಲ ಎಂದು ಕೇಳಿದಾಗ ಆಳ್ವರು ಗಂಭೀರವಾಗಿ, “ಈ ವಾರದ ನಕ್ಷತ್ರದಲ್ಲಿ ಅವನಿಗೆ ಹಾರುವ ಮನಸ್ಸಿಲ್ಲ,” ಎಂದರು.

ಶನಿವಾರ ನಾನು ಆಟದ ಕಂಟ್ರೋಲರನ್ನು ಕೈಗೆತ್ತಿಕೊಂಡು ನೋಡಿದೆ. ಅದರಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಕೀಗಳಿವೆ. ಮೇಲಿನದನ್ನು ಒತ್ತಿದರೆ ಹಾರುವುದು. ಆ ಕೀ ಸತ್ತುಹೋಗಿತ್ತು. ಮೂರು ವರ್ಷಗಳ ನಿರಂತರ ದುಡಿಮೆಯಿಂದ ಅದಕ್ಕೆ ಮುಕ್ತಿ ಸಿಕ್ಕಿತ್ತು.

“ಆಳ್ವರೇ, ನೀವು ಗೆದ್ದದ್ದು ಇದರಿಂದ,” ಎಂದು ತೋರಿಸಿದೆ.

ಅವರು ಕೀಯನ್ನು ನಾಲ್ಕೈದು ಸಲ ಒತ್ತಿ ನೋಡಿದರು. ನನ್ನ ಮುಖ ನೋಡಿದರು. ಕೊನೆಗೂ ಅರ್ಥವಾಯಿತೆಂದು ನಾನು ನಂಬಿದೆ.

“ನೋಡಿ ಮಾರಾಯ್ರೆ,” ಎಂದರು ಆಳ್ವರು, “ಹಾರದೆಯೇ ಇಷ್ಟು ಗೆದ್ದಿದ್ದೇನೆ. ಹಾರ್ಲಿಕ್ಕೆ ಆಗಿದ್ರೆ ಎಷ್ಟು ಗೆಲ್ತಿದ್ದೆ!”

ಅಂದೇ ಸಂಜೆ ಕಂಟ್ರೋಲರ್ ಪಂಪ್‌ವೆಲ್‌ಗೆ ಹೋಯಿತು. ಬಾಸಿಲ್ ಒಳಗಿನ ರಬ್ಬರ್ ಬದಲಿಸಿ, ಹೊಸದಕ್ಕಿಂತ ಚೆನ್ನಾಗಿ ಹಾರುವಂತೆ ಮಾಡಿಕೊಟ್ಟ. ಮರುವಾರ ಇಪ್ಪತ್ತೆರಡು ಪಂದ್ಯಗಳಲ್ಲಿ ನಾಲ್ಕು ಜಯ. ಆಳ್ವರು ನಕ್ಷತ್ರ ಬದಲಾಯಿತೆಂದರು. ಅದರ ಮರುವಾರ ಮೂರು ಜಯ. ಆಗ ಪಂಚಾಂಗವನ್ನು ಎರಡು ಸಲ ತಿರುವಿ ಹಾಕಿದರು.

ಇಪ್ಪತ್ತನಾಲ್ಕರಂದು ರಾತ್ರಿಪಾಳಿ ಮುಗಿಸಿ ನಾಲ್ಕು ಗಂಟೆ ಮಲಗಿದ್ದ ಡ್ಯಾಫ್ನಿ ಆಕಳಿಸುತ್ತ ಬಂದಳು. ಆಳ್ವರು ಬಿಳಿ ಅಂಗಿ ಧರಿಸಿ, ಪೈಲ್ವಾನನಿಗೂ ಬಿಳಿ ಉಡುಪು ತೊಡಿಸಿ ಕುಳಿತಿದ್ದರು.

“ಎಂತ ಅಂಕಲ್, ನಮ್ಮ ವಾರ್ಡಿನ ಡಾಕ್ಟರ ಹಾಗೆ ಕಾಣ್ತೀರಿ!”

“ನೋಡ್ತಾ ಇರು ಮಗಾ, ಇವತ್ತು ಆಪರೇಷನ್ ಉಂಟು.”

ಆಪರೇಷನ್ ಇಪ್ಪತ್ತು ನಿಮಿಷಗಳಲ್ಲಿ ಮುಗಿಯುವ ಹಂತಕ್ಕೆ ಬಂತು. ಡ್ಯಾಫ್ನಿ ಏನೂ ಮಾಡುತ್ತಿರಲಿಲ್ಲ. ಆಳ್ವರು ಹಾರುವವರೆಗೆ ಕಾಯುತ್ತಿದ್ದಳು, ಹಾರಿದೊಡನೆ ಒಂದು ಗುದ್ದು ಎತ್ತುತ್ತಿದ್ದಳು, ಮತ್ತೆ ಆಕಳಿಸುತ್ತಿದ್ದಳು. ನಾಲ್ಕಕ್ಕೆ ಸೊನ್ನೆ. ಇನ್ನೊಂದು ಸೋತರೆ ಕುರ್ಚಿ ಹೋಯಿತು.

ಆಳ್ವರು ಕಂಟ್ರೋಲರನ್ನು ಅಕ್ಕಿ ಚೀಲದ ಮೇಲಿಟ್ಟರು. ನನ್ನ ಕಡೆ ತಿರುಗದೆ ಕೇಳಿದರು: “ನಾಲ್ಕರಲ್ಲಿ ಎಷ್ಟು ಗಾಳಿಯಲ್ಲಿ?”

“ನಾಲ್ಕೂ.”

ಅಜ್ಜನಿಂದ ಬಂದದ್ದನ್ನು ಮೊಮ್ಮಗ ಕೈಬಿಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತಾಯಿತು. ನನ್ನ ಗಡಿಯಾರದಲ್ಲಿ ಸುಮಾರು ಎರಡು ನಿಮಿಷ.

“ಬಾಸಿಲ್, ಆ ಕೀಯನ್ನು ಪುನಃ ಹಾಳು ಮಾಡ್ಲಿಕ್ಕೆ ಆಗ್ತದಾ?”

“ಎಂತ ಹೇಳ್ತೀರಿ ಆಳ್ವರೇ! ನಾನು ಮಾಡಿದ ರಿಪೇರಿ ಐದು ವರ್ಷ ಅಲ್ಲಾಡುವುದಿಲ್ಲ.”

“ಅದೇ ತೊಂದ್ರೆ ಆದದ್ದು.”

ಡ್ಯಾಫ್ನಿ ನಗು ತಡೆಯಲಾರದೆ ತನ್ನ ಚೀಲಕ್ಕೆ ಕೈ ಹಾಕಿದಳು. ರೋಗಿಗಳ ಕೈಗೆ ಡ್ರಿಪ್ಪಿನ ಸೂಜಿ ನಿಲ್ಲಿಸುವ ಬಿಳಿ ಟೇಪಿನ ಸುರುಳಿಯೊಂದು ಹೊರಬಂತು. “ಕೊಡಿ ಅಂಕಲ್.” ಮೇಲಿನ ಕೀಗೆ ಔಷಧಿ ಬಾಟಲಿಯ ಸಣ್ಣ ಮುಚ್ಚಳ ಕವುಚಿ, ಸುತ್ತ ಟೇಪು ಹಚ್ಚಿ, ಬೆರಳು ಎಷ್ಟು ಒತ್ತಿದರೂ ಕೀ ಅಲುಗದಂತೆ ಮಾಡಿದಳು. “ನೋವಾಗ್ತದಾ?” ಎಂದೂ ಕೇಳಿದಳು.

“ಇಲ್ಲಿ,” ಎಂದು ಆಳ್ವರು ಎದೆ ತೋರಿಸಿದರು.

ಆ ಮೇಲಿನ ಆಟ ಬೇರೆಯೇ ಆಯಿತು. ಹಾರಿದವನಿಗೆ ಗುದ್ದುವುದೊಂದೇ ಆಳ್ವರ ವಿರುದ್ಧ ಡ್ಯಾಫ್ನಿ ಬೆಳೆಸಿಕೊಂಡಿದ್ದ ವಿದ್ಯೆ. ನಾಲ್ಕು ತಿಂಗಳಲ್ಲಿ ಅವಳಿಗೆ ಇನ್ನೊಂದು ಬೇಕಾಗಿರಲಿಲ್ಲ. ಅವಳು ಕಾದಳು, ಪೈಲ್ವಾನ ನಡೆದು ಬಂದ, ಎತ್ತಿ ಒಗೆದ. ನಾಲ್ಕಕ್ಕೆ ಒಂದು, ನಾಲ್ಕಕ್ಕೆ ಎರಡು, ಮೂರು. ಅವಳು ಆಕಳಿಸುವುದನ್ನು ನಿಲ್ಲಿಸಿದಳು. ನಾಲ್ಕಕ್ಕೆ ನಾಲ್ಕು.

ಆಗ ಹಾಶಿಂ ಗಂಟಲು ಸರಿಪಡಿಸಿಕೊಂಡ. “ಒಂದು ಮಾತು. ಮಾಲ್‌ನಲ್ಲಿ ಟೇಪು ಹಾಕ್ಲಿಕ್ಕೆ ಬಿಡುವುದಿಲ್ಲ. ಕೊನೆಯದ್ದು ತೆಗೆದು ಆಡ್ಬೇಕು. ಕಾನೂನು ಅಂದ್ರೆ ಕಾನೂನು.”

“ಪಾಪ, ಇರಲಿ ಬಿಡಿ,” ಎಂದಳು ಡ್ಯಾಫ್ನಿ.

“ಬೊಡ್ಚಿ,” ಎಂದರು ಆಳ್ವರು, ಬೇಡವೆಂದು ತುಳುವಿನಲ್ಲಿ. ಟೇಪನ್ನು ತಾವೇ ಕಿತ್ತರು.

ಮೂರು ಸುತ್ತಿನ ಕೊನೆಯ ಪಂದ್ಯದಲ್ಲಿ ಇಬ್ಬರೂ ಒಂದೊಂದು ಸುತ್ತು ಗೆದ್ದರು. ಉಳಿದದ್ದು ಒಂದು ಸುತ್ತು, ತೊಂಬತ್ತೊಂಬತ್ತು ಸೆಕೆಂಡು. ಹೊತ್ತು ಮುಗಿದರೆ ಹೆಚ್ಚು ಶಕ್ತಿ ಉಳಿದವರಿಗೆ ಜಯ. ಆರಂಭದಲ್ಲೇ ಆಳ್ವರ ಒಂದು ಸಣ್ಣ ಒದೆತ ತಾಗಿತು. ಪರದೆಯ ಮೇಲೆ ಡ್ಯಾಫ್ನಿಯ ಶಕ್ತಿಯ ಪಟ್ಟಿಯಿಂದ ಉಗುರಿನಷ್ಟು ಇಳಿಯಿತು. ಅನಂತರ ಪೈಲ್ವಾನ ಹಿಂದೆ ಸರಿದು ಕುಕ್ಕರುಗಾಲಲ್ಲಿ ಕುಳಿತ. ಮುಂದೆ ಹೋದರೆ ಅವನು ಎತ್ತಿ ಒಗೆಯುತ್ತಾನೆಂದು ಡ್ಯಾಫ್ನಿಗೆ ಈಗ ಗೊತ್ತು. ಎದ್ದರೆ ತಾನು ಹಾರಿಯೇ ಹಾರುತ್ತೇನೆಂದು ಆಳ್ವರಿಗೆ ಗೊತ್ತು. ಪರದೆಯ ಮೇಲೆ ಇಬ್ಬರು ಮಹಾವೀರರು ಎದುರುಬದುರು ಕುಳಿತು ಉಸಿರಾಡಿದರು. ಎಪ್ಪತ್ತು. ಅರವತ್ತು. ಹಾಶಿಂ ಎದ್ದು ಹೋಗಿ ಚಹಾ ತಂದ. ನಾನು ಪರದೆ ಬಿಟ್ಟು ಆಳ್ವರ ಎಡ ಹೆಬ್ಬೆರಳನ್ನು ನೋಡುತ್ತಿದ್ದೆ. ಅದು ಮೂರು ಸಲ ಮೇಲಿನ ಕೀಯವರೆಗೆ ಹೋಯಿತು, ಹಿಂದೆ ಬಂತು. ಹನ್ನೆರಡರಲ್ಲಿ ಡ್ಯಾಫ್ನಿಯ ತಾಳ್ಮೆ ತಪ್ಪಿತು. ಹಾರಿದ್ದು ಅವಳು. ಗುದ್ದು ಎತ್ತುವುದು ಆಳ್ವರಿಗೆ ಬರುತ್ತಿರಲಿಲ್ಲ, ಅದನ್ನು ಅವರು ಎಂದೂ ಕಲಿತಿರಲಿಲ್ಲ. ಕೈಕಾಲು ಮುದುಡಿ ತಡೆದರು, ಮತ್ತೆ ತಡೆದರು. ಸೊನ್ನೆ. ಉಗುರಿನಷ್ಟು ಅಂತರದಲ್ಲಿ ಜಯ ಅವರದಾಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ.

“ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾದ ಹಾಗೆ ಆಯ್ತು ಮಾರಾಯ್ರೆ,” ಎಂದ ಬಾಸಿಲ್. “ಮಾಲ್‌ನಲ್ಲೂ ಹೀಗೇ ಆಡ್ತೀರಾ? ಜನ ಎದ್ದು ಹೋದಾರು.”

“ಹೋಗ್ಲಿ. ಕುರ್ಚಿ ಖಾಲಿಯಾದ್ರೆ ನಾವು ಕೂತ್ಕೊಳ್ಳುವ,” ಎಂದರು ಆಳ್ವರು. ಅವರ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಬಾಸಿಲ್ ಫೋನಿನಲ್ಲಿ ಅರ್ಜಿ ತುಂಬಿದ. ಮೂರನೆಯ ಆಟಗಾರ: ಚಿತ್ತರಂಜನ ಆಳ್ವ. ಬದಲಿ ಆಟಗಾರ್ತಿ: ಡ್ಯಾಫ್ನಿ. ಬೆನ್ನ ಮೇಲಿನ ಹೆಸರಿನ ಅಕ್ಷರಗಳು ಕಳೆದ ಸಲಕ್ಕಿಂತ ದೊಡ್ಡದಾಗಿರಲಿ ಎಂದು ಆಳ್ವರು ಸೂಚಿಸಿದರು. ಅಷ್ಟರಲ್ಲಿ ಕೆಳಗಿನಿಂದ ರತ್ನಾವತಿಯವರ ಧ್ವನಿ ಕೇಳಿತು: “ನಿಮ್ಮ ಯುದ್ಧ ಮುಗಿದ್ರೆ ಒಬ್ಬರು ಬಂದು ಗ್ಯಾಸ್ ಸಿಲಿಂಡರ್ ಇಳಿಸಿ ಕೊಡಿ!” ಬಾಸಿಲ್ ಮತ್ತು ಹಾಶಿಂ ಇಳಿದು ಹೋದರು.

“ಅಂಕಲ್, ಇನ್ನೂ ಮೂರು ಆಡುವ,” ಎಂದಳು ಡ್ಯಾಫ್ನಿ. “ಸುಮ್ಮನೆ. ಕುರ್ಚಿ ನಿಮ್ಮದೇ.”

ಆಳ್ವರು ಕಂಟ್ರೋಲರ್ ಎತ್ತಿಕೊಂಡರು. ಈ ಬಾರಿ ಅವಳು ಕಾಯಲಿಲ್ಲ. ದೂರದಿಂದ ಕಾಲು ಚಾಚಿ ಒಂದೊಂದೇ ಒದೆ ಕೊಡುತ್ತ, ಪೈಲ್ವಾನ ಹತ್ತಿರ ಬಂದರೆ ಹಿಂದೆ ಸರಿಯುತ್ತ ಆಡಿದಳು. ಒಂದು ಗಂಟೆಯಲ್ಲಿ ಅವಳು ಕಲಿತದ್ದನ್ನು ಕಲಿಯಲು ಆಳ್ವರಿಗೆ ಇನ್ನೊಂದು ಮೂರು ವರ್ಷ ಬೇಕಾಗಬಹುದು.

“ಒಮ್ಮೆ ಹಾರಿ ಅಂಕಲ್,” ಎಂದು ಚುಡಾಯಿಸಿದಳು. “ಯಾರೂ ನೋಡುವುದಿಲ್ಲ.”

“ಸುಮ್ಮನೆ ಆಡು ಮಗಾ,” ಎಂದರು ಆಳ್ವರು.

ಮೂರನ್ನೂ ಸೋತರು. ಮೂರೂ ನೆಲದ ಮೇಲೆ.