ದೇವಿಗೂ ಸೆಖೆಯಾಗುತ್ತೆ

ಹುಟ್ಟಿದಾಗಿನಿಂದ ಒಂದೇ ಒಂದು ತೀರ್ಮಾನವನ್ನೂ ತಾನಾಗಿ ತೆಗೆದುಕೊಂಡಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ಪರಮೇಶಣ್ಣ. ಮದ್ರಾಸಿನ ಕೀಲ್ಪಾಕಿನ ಬಾಡಿಗೆ ಮನೆಯಲ್ಲಿ ಕೆಳಗೆ ಅವರು, ಮೇಲೆ ನಾವು. ಎರಡೂ ಅಂಗೈಗಳನ್ನು ಮೇಲಕ್ಕೆ ತಿರುಗಿಸಿ, "ನಮ್ ಕೈಲಿ ಏನಮ್ಮಾ ಇರ್ಕು?" ಎಂದರೆ ಅವರ ತತ್ತ್ವಶಾಸ್ತ್ರ ಅಲ್ಲಿಗೆ ಮುಗಿಯಿತು. ತುಮಕೂರಿನ ಕನ್ನಡ ಬಹಳ ವರ್ಷ ಮದ್ರಾಸಿನಲ್ಲಿ ನೆನೆದರೆ 'ಇದೆ' ಹೀಗೆ 'ಇರ್ಕು' ಆಗುತ್ತದೆ. ನೀರಿನ ಲಾರಿ ಬಾರದಿದ್ದರೂ ಅದೇ ಮಾತು, ಹೆಂಡತಿ ಜಯಕ್ಕನ ಸಾರಿಗೆ ಉಪ್ಪು ಹೆಚ್ಚಾದರೂ ಅದೇ ಮಾತು.

ತರಕಾರಿ ಗಾಡಿಯ ಮುಂದೆ ಮಾತ್ರ ಈ ತತ್ತ್ವಕ್ಕೆ ರಜೆ. ಒಂದೊಂದು ಬದನೆಕಾಯಿಯನ್ನೂ ಒತ್ತಿ, ತಿರುಗಿಸಿ, ತೊಟ್ಟು ನೋಡಿ ಆರಿಸುತ್ತಿದ್ದರು. "ಹಣೇಲಿ ಬರೆದ ಬದನೆಕಾಯಿ ತಾನಾಗೇ ಚೀಲಕ್ಕೆ ಬರಲ್ವಾ ಅಣ್ಣಾ?" ಎಂದು ನಾನು ಬಾಲ್ಕನಿಯಿಂದ ಕೂಗುತ್ತಿದ್ದೆ. "ಹುಳುಕು ಬೇಡ ಅಂತ ಬರೆದಿದ್ದಾನಮ್ಮಾ, ಹುಡುಕಬೇಕಲ್ಲ," ಎನ್ನುತ್ತಿದ್ದರು.

ಇಂಥವರ ಉದ್ಯೋಗ ಏನಿರಬೇಕು ಹೇಳಿ? ಜೀವವಿಮೆ ಮಾಡಿಸುವುದು! ಸಾವು ಬರೆದ ದಿನವೇ ಬರುತ್ತದೆ, ಒಂದು ಗಳಿಗೆ ಆಚೆಈಚೆ ಇಲ್ಲ ಎಂದು ಗಿರಾಕಿಗೆ ಮನದಟ್ಟು ಮಾಡಿಸಿ, ಆಮೇಲೆ ಪಾಲಿಸಿಯ ಕಾಗದ ಚಾಚುತ್ತಿದ್ದರು. "ಹಾಗಾದ್ರೆ ಪಾಲಿಸಿ ಯಾಕೆ ಸಾರ್?" ಎಂದರೆ, "ನಾನು ನಿಮ್ಮ ಮನೆಗೆ ಬರಬೇಕು ಅಂತ ಬರೆದಿತ್ತಲ್ಲ, ಅದಕ್ಕೆ," ಎಂದು ನಗುತ್ತಿದ್ದರು. ಗಿರಾಕಿ ಸಹಿ ಹಾಕುತ್ತಿದ್ದ.

ಒಂದು ದಿನ ನಾನು ಸೆರಗು ಬಿಗಿದು ವಾದಕ್ಕೆ ನಿಂತೆ. ಮನುಷ್ಯನಿಗೆ ಸ್ವಂತ ಇಚ್ಛೆ ಅಂತ ಒಂದಿದೆ ಎಂದೆ. "ಇದ್ಯಾ? ಹಾಗಾದ್ರೆ ಬ್ಯಾಂಕ್ ಕೆಲಸಕ್ಕೆ ನೀನೇ ಇಷ್ಟಪಟ್ಟು ಸೇರಿದ್ಯಾ ಸುಧಾ?" ಅಪ್ಪ ಪರೀಕ್ಷೆ ಕಟ್ಟಿಸಿದ್ದರು. "ಈ ಮನೆ?" ಯಜಮಾನರ ಆಫೀಸಿಗೆ ಹತ್ತಿರ. "ಇವತ್ತಿನ ಸಾಂಬಾರು?" ಮಗಳು ಕೇಳಿದ್ದಳು. ಪರಮೇಶಣ್ಣ ತಲೆದೂಗಿದರು. "ನಿನ್ನ ಸ್ವಂತ ಇಚ್ಛೆ ಬಹಳ ಒಳ್ಳೇದಮ್ಮಾ. ಯಾರಿಗೂ ಒಂದು ತೊಂದರೆ ಕೊಡಲ್ಲ." ಆ ರಾತ್ರಿಯ ಊಟ ನನಗೆ ರುಚಿಸಲಿಲ್ಲ.

ದೊಡ್ಡ ವಿಷಯಗಳನ್ನೆಲ್ಲ ಅವರ ಮನೆಯಲ್ಲಿ ತೀರ್ಮಾನಿಸುತ್ತಿದ್ದವಳು ದೇವಿ. ಊರಿಂದ ತಂದ ಹಿತ್ತಾಳೆಯ ವಿಗ್ರಹ. ಅದರ ಎರಡು ಭುಜಗಳಿಗೂ ಒದ್ದೆ ಹೂವಿನ ಎಸಳು ಅಂಟಿಸಿ ಕೈಮುಗಿದು ಕೂರುವುದು. ದೇವಿಯ ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು ಅರ್ಥ. ನಮ್ಮ ಕಡೆ ಎಲ್ಲರೂ ಹೂವು ಕೇಳುವವರೇ. ಆದರೆ ಪಕ್ಕದಲ್ಲಿ ಟೇಬಲ್ ಫ್ಯಾನ್ ಹಾಕಿಕೊಂಡು ಕೇಳುತ್ತಿದ್ದವರು ಪರಮೇಶಣ್ಣ ಮಾತ್ರ. "ಈ ಊರ ಸೆಖೆ ನಮಗೇ ತಡೆಯಕ್ಕಾಗಲ್ಲ, ದೇವಿಗೂ ಸೆಖೆಯಾಗುತ್ತೆ," ಎನ್ನುತ್ತಿದ್ದರು. ಆ ಫ್ಯಾನು ಒಂದು ದಿನ ದೇವಿಯ ಬಲಕ್ಕಿರುತ್ತಿತ್ತು, ಇನ್ನೊಂದು ದಿನ ಎಡಕ್ಕೆ. "ಅದೆಲ್ಲಿದೆ ನೋಡಿದ್ರೆ ಸಾಕು ಕಣೇ, ದೇವಿ ಏನು ಹೇಳ್ತಾಳೇಂತ ನಂಗೆ ಗೊತ್ತಾಗುತ್ತೆ," ಎಂದು ಜಯಕ್ಕ ನನ್ನ ಕಿವಿಯಲ್ಲಿ ಹೇಳಿದ್ದರು. ಫ್ಯಾನು ಇಟ್ಟ ಕಡೆಯ ಹೂವೇ ಮೊದಲು ಬೀಳುತ್ತದೆಂದು ಪರಮೇಶಣ್ಣನಿಗೆ ತಿಳಿದಿತ್ತೋ ಇಲ್ಲವೋ, ನನಗೆ ಕೊನೆಗೂ ಗೊತ್ತಾಗಲಿಲ್ಲ.

ಈ ಫ್ಯಾನಿನಿಂದ ಒಂದು ಮನೆಯೇ ಒಡೆಯಿತು. ಅವರ ತಮ್ಮ ನಾಗರಾಜ ರಾಯಪುರಂನ ಸ್ಟೆಲ್ಲಾ ಎಂಬ ಹುಡುಗಿಯನ್ನು ಮದುವೆಯಾಗುತ್ತೇನೆಂದು ಬಂದು ನಿಂತ. ಅವಳ ಅಪ್ಪ ಬಂದರಿನಲ್ಲಿ ಕೆಲಸಕ್ಕಿದ್ದವರು, ಭಾನುವಾರ ಚರ್ಚಿಗೆ ಹೋಗುವ ಮನೆಯವರು. ಪರಮೇಶಣ್ಣ ಹೂವು ಕೇಳಿದರು. ಫ್ಯಾನು ಎಡಕ್ಕಿತ್ತು. ಎಡದ ಹೂವು ಹಾರಿ ನಾಗರಾಜನ ಕಾಲಬುಡಕ್ಕೇ ಬಿತ್ತು. "ಆ ಫ್ಯಾನ್ ಆರಿಸಿ ಕೇಳು, ನೋಡೋಣ," ಎಂದ ನಾಗರಾಜ. "ನಮ್ ಕೈಲಿ ಏನಪ್ಪಾ ಇರ್ಕು?" ಎಂದರು ಅಣ್ಣ. ನಾಗರಾಜ ಬಟ್ಟೆ ತುಂಬಿಕೊಂಡು ಹೊರಟುಹೋದ, ಮದುವೆಯಾಗಿ ಅದೇ ಊರಿನ ಇನ್ನೊಂದು ತುದಿಯ ಪೋರೂರಿನಲ್ಲಿ ಮನೆ ಮಾಡಿದ. ಆಮೇಲೆ ವರ್ಷಗಟ್ಟಲೆ ಮಾತಿಲ್ಲ ಕತೆಯಿಲ್ಲ. ಇದನ್ನೂ ದೇವಿಯೇ ಮಾಡಿಸಿದ್ದೆಂದು ಪರಮೇಶಣ್ಣ ನಿಶ್ಚಿಂತೆಯಿಂದ ಇದ್ದರು. ಹಬ್ಬದ ದಿನ ಮಾತ್ರ ಹೋಳಿಗೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು ಎಂದು ಜಯಕ್ಕ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಸ್ಟೆಲ್ಲಾ ಬಂದಳು. ಹಪ್ಪಳದ ಹಿಟ್ಟಿಗೆಂದು ನಾನೂ ಅಲ್ಲೇ ಇದ್ದೆ. ಒಳಗೆ ಕೂರದೆ ಹೊಸ್ತಿಲಲ್ಲೇ ನಿಂತು ಕನ್ನಡದಲ್ಲಿ ಹೇಳಿದಳು, "ಅಣ್ಣಾ, ನಿಮ್ಮ ತಮ್ಮಂಗೆ ಎರಡು ಕಿಡ್ನಿಯೂ ಹೋಯ್ತು. ನನ್ನದು ಸೇರಲ್ಲ ಅಂದ್ರು. ಅಣ್ಣ ತಮ್ಮಂದು ಸೇರಬಹುದಂತೆ." ಅವಳು ಕನ್ನಡ ಕಲಿತಿದ್ದಾಳೆಂದು ನಮಗ್ಯಾರಿಗೂ ತಿಳಿದಿರಲಿಲ್ಲ.

ಪರಮೇಶಣ್ಣ ಅಂಗೈ ತಿರುಗಿಸಿದರು. "ನಮ್ ಕೈಲಿ ಏನಮ್ಮಾ ಇರ್ಕು? ಕೇಳಿ ನೋಡೋಣ," ಎಂದು ದೇವರಮನೆಗೆ ಹೋದರು. ನನಗೆ ಮೈಯೆಲ್ಲ ಉರಿಯಿತು. ತಮ್ಮನ ಪ್ರಾಣಕ್ಕೂ ಹೂವು ಕೇಳಬೇಕೆ? ಜಯಕ್ಕ ನನ್ನ ಮೊಣಕೈ ಹಿಡಿದೆಳೆದು ಕಣ್ಣಿನಲ್ಲೇ ತೋರಿಸಿದರು. ಪರಮೇಶಣ್ಣ ಫ್ಯಾನನ್ನು ಎರಡೂ ಕೈಯಿಂದ ಎತ್ತಿ ದೇವಿಯ ಬಲಕ್ಕೆ ಇಡುತ್ತಿದ್ದರು. ಇಷ್ಟು ಹತ್ತಿರ ಅವರು ಅದನ್ನು ಯಾವತ್ತೂ ಇಟ್ಟಿರಲಿಲ್ಲ.

ಹೂವು ಅಂಟಿಸಿದರು. ಸ್ವಿಚ್ ಒತ್ತಿದರು. ಫ್ಯಾನು ತಿರುಗಲಿಲ್ಲ. ಇಡೀ ಬೀದಿಗೇ ಕರೆಂಟ್ ಹೋಗಿತ್ತು.

ಆ ದೇವಿಗೆ ಬಹುಶಃ ಮೊದಲ ಬಾರಿ ಬಾಯಿಬಿಡುವ ಅವಕಾಶ ಸಿಕ್ಕಿತ್ತು. ನಾವೆಲ್ಲ ಬೆವರುತ್ತ ನೋಡುತ್ತಿದ್ದೆವು. ಯಾರೂ ಮುಟ್ಟದೆ, ಗಾಳಿಯ ಸುಳಿವೇ ಇಲ್ಲದೆ, ಎಡದ ಹೂವು ಮೆಲ್ಲಗೆ ಜಾರಿ ಬಿತ್ತು. ನಾಗರಾಜ ಅಂದು ಕೇಳಿದ್ದ ನ್ಯಾಯ ಇದೇ ತಾನೆ! ಸ್ಟೆಲ್ಲಾಳಿಗೂ ಲೆಕ್ಕಾಚಾರ ಗೊತ್ತಿತ್ತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಚಪ್ಪಲಿಗೆ ಕಾಲಿಟ್ಟಳು.

"ಎಲ್ಲಮ್ಮಾ ಹೊರಟೆ? ಕೂತ್ಕೋ," ಎಂದರು ಪರಮೇಶಣ್ಣ. ಬಿದ್ದ ಎಸಳನ್ನು ನೀರಿಗದ್ದಿ ಮತ್ತೆ ಎಡಭುಜಕ್ಕೆ ಅಂಟಿಸಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರು. "ಕರೆಂಟ್ ಇಲ್ಲದಾಗ ಕೇಳಿದ್ದು ಲೆಕ್ಕಕ್ಕಿಲ್ಲ. ಕರೆಂಟ್ ಬರಲಿ."

ಸಂಜೆಯವರೆಗೆ ಬರಲಿಲ್ಲ. ಅವರು ಕದಲಲಿಲ್ಲ; ಆಗಾಗ ಹೂವಿಗೆ ನೀರು ಚಿಮುಕಿಸುತ್ತ ಕೂತರು. ಜಯಕ್ಕ ಸ್ಟೆಲ್ಲಾಳಿಗೆ ಕಾಫಿ ಕೊಟ್ಟರು, ಆಮೇಲೆ ಊಟವನ್ನೂ ಬಡಿಸಿದರು. ದೀಪ ಹಚ್ಚುವ ಹೊತ್ತಿಗೆ ಕರೆಂಟ್ ಬಂತು, ಬಲದ ಹೂವು ಹಾರಿ ಗೋಡೆಗೆ ಬಡಿಯಿತು. "ನೋಡಿದ್ಯಾ? ಅವಳಿಷ್ಟ," ಎಂದು ಪರಮೇಶಣ್ಣ ಎದ್ದು ಆಸ್ಪತ್ರೆಗೆ ಹೊರಡಲು ಅಂಗಿ ಹಾಕಿಕೊಂಡರು.

ಪರೀಕ್ಷೆ ಮಾಡಿದಾಗ ಅಣ್ಣನ ಕಿಡ್ನಿ ತಮ್ಮನಿಗೆ ಹೊಂದಿತು. ಆಪರೇಷನ್ ಆಗಿ ಅಣ್ಣತಮ್ಮಂದಿರಿಬ್ಬರೂ ಎದ್ದು ಓಡಾಡುವಂತಾದಾಗ ನಾನು ಬಿಡಲಿಲ್ಲ. "ಈಗಲಾದರೂ ಒಪ್ಪಿಕೊಳ್ಳಿ ಅಣ್ಣಾ, ತೀರ್ಮಾನ ನಿಮ್ಮದೇ." ಅವರು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕರು. "ಕರೆಂಟ್ ಬಂದದ್ದು ನನ್ನ ಕೈಲಿತ್ತಾ?" ಇಂಥವರೊಡನೆ ಯಾರು ವಾದ ಮಾಡುತ್ತಾರೆ?

ಕೆಲವು ವರ್ಷ ಚೆನ್ನಾಗಿಯೇ ಇದ್ದು, ಒಂದು ಬೆಳಿಗ್ಗೆ ಪೇಪರ್ ಓದುತ್ತಲೇ ಹೃದಯ ನಿಂತು ತೀರಿಕೊಂಡರು. ಈಗಲೂ ತರಕಾರಿ ಗಾಡಿಯ ಸದ್ದಾದರೆ ಬಾಲ್ಕನಿಗೆ ಬರುತ್ತೇನೆ. ಕೆಣಕಲು ಕೆಳಗೆ ಯಾರೂ ಇರುವುದಿಲ್ಲ. ಅವರಿಲ್ಲದ್ದು ನನಗೆ ತುಂಬ ನೋವು.

ಅವರ ವೈಕುಂಠ ಸಮಾರಾಧನೆ ಮುಗಿದ ಮರುದಿನ ನಾಗರಾಜ, ಸ್ಟೆಲ್ಲಾ ಇಬ್ಬರೂ ಜಯಕ್ಕನ ಮುಂದೆ ಕೂತರು. "ಅತ್ತಿಗೆ, ನಮ್ಮ ಜೊತೆ ಪೋರೂರಿಗೆ ಬಂದುಬಿಡಿ," ಎಂದ ನಾಗರಾಜ. ಜಯಕ್ಕ ಎರಡೂ ಅಂಗೈಗಳನ್ನು ಮೇಲಕ್ಕೆ ತಿರುಗಿಸಿದರು. "ನನ್ನ ಕೈಲಿ ಏನಪ್ಪಾ ಇದೆ? ಕೇಳಿ ನೋಡೋಣ."

ಹೂವು ಅಂಟಿಸಿ ಕೈಮುಗಿದು ಕೂತರು. ಆ ಫ್ಯಾನಿನ ದೆಸೆಯಿಂದ ಮನೆಬಿಟ್ಟು ಹೋಗಿದ್ದ ನಾಗರಾಜ ಎದ್ದ. ಮೂಲೆಯಲ್ಲಿದ್ದ ಫ್ಯಾನನ್ನು ಎತ್ತಿ ತಂದು, ಧೂಳು ಒರೆಸಿ, ದೇವಿಯ ಬಲಕ್ಕೆ ಇಟ್ಟ. ಜಯಕ್ಕ ಒಂದು ಕಣ್ಣು ಮಾತ್ರ ತೆರೆದು ನೋಡಿದರು.

"ಇನ್ನೂ ಸ್ವಲ್ಪ ಹತ್ತಿರ ಇಡೋ," ಎಂದರು.